ಸಮಾಧಿಯಿಲ್ಲದ ಅಗಲಿಕೆ

ನಮ್ಮ ಸೂಲೂರು ವಾಯುನೆಲೆಯ 33ನೇ ದಳದ ಎಎನ್-32 ವಿಮಾನವು 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟು, 29 ಜನರೊಡನೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಸೆಪ್ಟೆಂಬರಿನಲ್ಲಿ, ಎಲ್ಲರೂ ಮೃತರೆಂದು ಭಾವಿಸಿರುವುದಾಗಿ ಮನೆಯವರಿಗೆ ತಿಳಿಸಿದರು. ಬರೀ ಮಾತಿಗೆ ಸಮಾಧಿ ಕಟ್ಟಲಾದೀತೇ? ನಮ್ಮಲ್ಲಿ ಲಿಂಗೈಕ್ಯರಾದವರಿಗೆ ಹಿಡಿ ಮಣ್ಣು ಹಾಕಿ, ಪತ್ರೆ ಏರಿಸಿ, ಕುಳಿತು ಅಳಲು ಒಂದು ಜಾಗವುಂಟು. ಆ ತಾಯಂದಿರಿಗೆ ಅದೂ ಇರಲಿಲ್ಲ. ಅವಶೇಷಗಳು ಸಿಕ್ಕ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಅವು ಇದ್ದದ್ದು ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ಆಚೆ, 3,400 ಮೀಟರ್ ಆಳದಲ್ಲಿ. ಏಳೂವರೆ ವರ್ಷ!

ಕಾಣೆಯಾದವರ ಮನೆ ನಿಮ್ಮ ಬೀದಿಯಲ್ಲೂ ಇದ್ದೀತು. ಆ ಮನೆಯ ಹೆಣ್ಣುಮಗಳನ್ನು "ಇನ್ನೂ ಕುಂಕುಮ ಇಡುವಿಯಾ?" ಎಂದು ಕೇಳುವ ನಾಲಿಗೆಗಳೂ ಇವೆ, ನಾವೇ ಕಿವಿಯಾರೆ ಕೇಳಿ ನಾಚಿದ್ದೇವೆ. ಅದು ಅವಳ ತೀರ್ಮಾನ. ನಿಮ್ಮ ಪಾಲಿಗಿರುವುದು ಅವಳ ಹೊಲದ ಬಿತ್ತನೆ, ಅಂಗಡಿಯ ಬಾಕಿ, ಮಕ್ಕಳ ಶಾಲೆಯ ಫೀಜು.