ಪಡಸಾಲೆಯ ಗೂಟ

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕೊರ್ಲಹಳ್ಳಿ ದಾರಿಯಲ್ಲಿ ಮೈಲಾರದ ಜಾತ್ರೆಗೆ ಹೊರಟ ಚಕ್ಕಡಿಗಳ ಸಾಲು. ತುಂಗಭದ್ರೆ ದಾಟಿ ಹಡಗಲಿ ಕಡೆ ಇಳಿಯುವ ಮೊದಲೇ ಕತ್ತಲಾದವರು ಯಾರದೋ ಪಡಸಾಲೆಯಲ್ಲಿ ಮಲಗುತ್ತಿದ್ದರು. ನಮ್ಮ ಅಜ್ಜಿ ರೊಟ್ಟಿ ಕೊಡುವ ಮೊದಲೇ ಕೇಳುತ್ತಿದ್ದಳು, “ಗಂಟು ಒಳಗ ಇಡ್ಲೇನ್ರಿ?” ಹೂಂ ಅಂದರೆ ಗಡಿಗೆಗಳ ಹಿಂದೆ ಇಟ್ಟು, ಬಾಗಿಲಿಗೆ ಅಡ್ಡವಾಗಿ ತಾನೇ ಮಲಗುವಳು.

ಆಕೆ ನೆನಪಾದದ್ದು ಹೋದ ವರ್ಷ, ಹೊಳೆಯಾಚೆಯ ಊರೊಂದರಲ್ಲಿ ದಿನಬಾಡಿಗೆಯ ಮನೆ ಹಿಡಿದಾಗ. ಸಂಜೆ ತಿರುಗಾಡಿ ಬಂದರೆ ಕಿಟಕಿ ತೆರೆದಿದೆ, ನನ್ನ ಕ್ಯಾಮೆರಾ ಇಲ್ಲ. ಚಿಲಕದ ಮೊಳೆ ಮೊದಲೇ ಕಿತ್ತಿತ್ತು; ಬೆಳಿಗ್ಗೆ ನೋಡಿದ್ದೆ, ಹೇಳಲು ಆಲಸ್ಯ. ಮಾಲೀಕರು ಗೋಡೆಯ ಫಲಕ ತೋರಿಸಿದರು: ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು. “ಮನಿಗೆ ಇನ್ಶೂರನ್ಸ್ ಐತ್ರಿ” ಅಂತಲೂ ಅಂದರು. ಪಾಲಿಸಿ ತೆಗೆಸಿ ಓದಿದೆವು. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಮಾರುತ್ತಿರುವ ಭಾರತ್ ಗೃಹ ರಕ್ಷಾ. ಬೆಂಕಿ, ನೆರೆ, ಭೂಕಂಪಕ್ಕೆ ಪರಿಹಾರವುಂಟು. ಕಳವಿಗೆ ಬೇಕೆಂದರೆ ಅಂಥದೊಂದು ಅನಾಹುತ ಮೊದಲು ಆಗಬೇಕು. ಅದರ ದೆಸೆಯಿಂದಲೇ, 7 ದಿನದೊಳಗೆ ಕಳವಾಗಬೇಕು. ಮನೆ ಸುಡುವ ಮೊದಲೇ ಬಂದ ಕಳ್ಳನಿಗೆ ಅದರಲ್ಲಿ ಜಾಗವಿಲ್ಲ.

ಫಲಕದ ಬೆಲೆ ಎಷ್ಟೆಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿದೆ. ತೀರ್ಪು ಬರೆದವರು ಪಕ್ಕದ ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ಮಾರುತಿ ಝೆನ್ ಕಾರಿನ ಕೀಲಿಯನ್ನು ಸಿಬ್ಬಂದಿಗೆ ಕೊಟ್ಟು ಒಳಹೋಗಿದ್ದರು. ಹೊರಬರುವಷ್ಟರಲ್ಲಿ ಯಾರೋ ಕಾರು ಹೊಡೆದುಕೊಂಡು ಹೋಗಿದ್ದರು. ವಿಮಾ ಕಂಪನಿ 2,80,000 ರೂಪಾಯಿ ಕೊಟ್ಟು, ಹೋಟೆಲಿನ ಮೇಲೆ ದೂರು ಹೂಡಿತು. ಹೋಟೆಲು ತೋರಿಸಿದ್ದೂ ‘ಮಾಲೀಕರದೇ ಹೊಣೆ’ ಎಂಬ ಚೀಟಿಯನ್ನೇ. ಕೈಗೆ ಇಸಿದುಕೊಂಡ ಮೇಲೆ ತಮ್ಮ ಅಲಕ್ಷ್ಯವನ್ನು ಚೀಟಿಯ ಹಿಂದೆ ಬಚ್ಚಿಡಲಾಗದು ಎಂದಿತು ನ್ಯಾಯಾಲಯ. 1872ರ ಕರಾರು ಕಾಯ್ದೆ ಇಟ್ಟ ಅಳತೆಯೂ ಸರಳ: ವಿವೇಕವುಳ್ಳವನು ತನ್ನ ವಸ್ತು ಜೋಪಾನ ಮಾಡಿದಂತೆ ಒಪ್ಪಿಸಿಕೊಂಡದ್ದನ್ನೂ ಮಾಡಬೇಕು.

ಆದರೆ ನಾನು ಕ್ಯಾಮೆರಾ ಯಾರ ಕೈಗೂ ಕೊಟ್ಟಿರಲಿಲ್ಲ. ಕೀಲಿ ನನ್ನ ಕಿಸೆಯಲ್ಲೇ ಇತ್ತು. ಆ ತೀರ್ಪನ್ನು ಹಿಡಿದು ಜಗಳಕ್ಕೆ ನಿಲ್ಲಲು ಮನಸ್ಸು ಒಪ್ಪಲಿಲ್ಲ. ಮಾಲೀಕರು ನನಗೆ ಒಪ್ಪಿಸಿದ್ದು ಮನೆ. ಮನೆ ಅಂದರೆ ಚಿಲಕವೂ ಸೇರಿತು. ಕಿತ್ತ ಚಿಲಕಕ್ಕೂ ಬಾಡಿಗೆ ಎಣಿಸಿಕೊಂಡ ಅವರ ತಪ್ಪು ದೊಡ್ಡದು, ಕಂಡೂ ಸುಮ್ಮನಿದ್ದ ನನ್ನದು ಸಣ್ಣದು ಅನ್ನಿಸಿತು. ಹೀಗೆ ತೂಗಿದವನು ಕಳಕೊಂಡವನೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ಸಲ ನಮ್ಮ ಪಡಸಾಲೆಯಿಂದಲೂ ಗೊರವಪ್ಪನೊಬ್ಬನ ಕರಿ ಕಂಬಳಿ ಹೋಗಿತ್ತು. ಗಂಟು ಒಳಗೆ ಕೊಟ್ಟಿದ್ದ. ಕಂಬಳಿಯನ್ನು ಮಾತ್ರ ಗೂಟಕ್ಕೆ ಹಾಕಿ ನಸುಕಿನಲ್ಲಿ ಹೊಳೆಗೆ ಹೋಗಿದ್ದ. “ಇರಲಿ ಬಿಡಬೇ, ನಿನ್ನ ಕೈಯಾಗ ಕೊಟ್ಟಿದ್ದಿಲ್ಲ” ಅಂದ.

“ಗೂಟ ನಂದ ಅಲ್ಲೇನೋ ಯಪ್ಪಾ” ಅಂದಳು ಅಜ್ಜಿ. ಒಳಗೆ ಹೋಗಿ ತನ್ನ ಕಂಬಳಿ ತಂದುಕೊಟ್ಟಳು. ಮುಂದಿನ ಚಳಿಗಾಲ ಆಕೆ ಕಳೆದದ್ದು ಕೌದಿಯಲ್ಲಿ.