ಅಂಗಳದ ಮಹಾಭಾಗರು



ರಥಸಪ್ತಮಿಯು ಸಮೀಪಿಸುತ್ತಿರುವ ಈ ಸಂದರ್ಭದಲ್ಲಿ, ಕಳೆದ ವರ್ಷ ನಮ್ಮಿಂದಲೇ ನಡೆದ ಒಂದು ಅಪಚಾರವನ್ನು ಮೊದಲು ನಿವೇದಿಸಿಕೊಳ್ಳಬೇಕಾಗಿದೆ. ಶ್ರೀಗಂಧದ ಕಾವಲಿನ ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ, ಕಾಂಪೌಂಡಿಗೆ ಒರಗಿಕೊಂಡು ಎಕ್ಕದ ಗಿಡವೊಂದು ತಾನಾಗಿಯೇ ಬೆಳೆದಿತ್ತು. ಸಂಕ್ರಾಂತಿಯ ಮುನ್ನಾದಿನ ಕಳೆ ತೆಗೆಸಲು ಆಳನ್ನು ಕರೆಸಿ, ಎಲ್ಲವನ್ನೂ ಕಿತ್ತುಬಿಡುವಂತೆ ನಾವೇ ಹೇಳಿದೆವು. ಉತ್ತರಾಣಿ, ತುಂಬೆ, ಗರಿಕೆ, ಎಕ್ಕ ಎಲ್ಲವೂ ಒಂದೇ ರಾಶಿಯಾಗಿ ಕಸದ ಗಾಡಿಯನ್ನು ಸೇರಿದುವು. ಅಂಗಳ ಶುಭ್ರವಾಯಿತೆಂದು ನಮಗೆ ಸಂತೋಷವೂ ಆಯಿತು.

ಷಷ್ಠಿಯ ಸಂಜೆ ನಮ್ಮ ತಂದೆಯವರು “ನಾಳೆಗೆ ಎಕ್ಕದೆಲೆ ಕೊಯ್ದಿದೆಯೇನಪ್ಪಾ?” ಎಂದು ಕೇಳಿದಾಗ ಮಾತು ಹೊರಡಲಿಲ್ಲ. ಟಾರ್ಚು ಹಿಡಿದು ಮಾಗಡಿ ರಸ್ತೆಯವರೆಗೆ ಹುಡುಕಿದ್ದಾಯಿತು. ಕಡೆಗೆ ಹಿಂದಿನ ಬೀದಿಯ ವೃದ್ಧೆಯೊಬ್ಬರು ತಾವು ಕೊಯ್ದಿಟ್ಟುಕೊಂಡಿದ್ದ ಎಲೆಗಳಲ್ಲಿ ಏಳನ್ನು ಎಣಿಸಿಕೊಟ್ಟರು. “ಪೂಜೆ ಮಾಡಿಸೋರ ಮನೇಲೇ ಎಕ್ಕ ಇಲ್ವೇ ಸ್ವಾಮೀ?” ಎಂದರು. ತಲೆಗೆ ಒಂದು, ಭುಜಗಳಿಗೆ ಎರಡು, ಮಂಡಿಗಳಿಗೆ ಎರಡು, ಪಾದಗಳಿಗೆ ಎರಡು. ತಂದೆಯವರ ಸ್ನಾನಕ್ಕೆ ಅವು ಸಂದುವು. ಮನೆಯ ಉಳಿದವರು ಬರಿಯ ನೀರಿನಲ್ಲಿ ಮಿಂದೆವು.

ಶ್ರೀಮದ್ಭಾಗವತದ ದಶಮಸ್ಕಂಧದ ಇಪ್ಪತ್ತೆರಡನೆಯ ಅಧ್ಯಾಯದ ಕೊನೆಯ ಭಾಗವನ್ನು ಅನಂತರ ಮತ್ತೆ ತೆರೆದು ನೋಡಿದೆವು. ಬೇಸಿಗೆಯ ಬಿಸಿಲಿನಲ್ಲಿ ಗೋವುಗಳೊಡನೆ ದೂರ ನಡೆದ ಶ್ರೀಕೃಷ್ಣನು, ಕೊಡೆಯಂತೆ ನೆರಳು ಹಿಡಿದ ಮರಗಳನ್ನು ತೋರಿಸಿ, ಶ್ರೀದಾಮ ಸುಬಲಾದಿ ಗೆಳೆಯರಿಗೆ ಉಪದೇಶಿಸುತ್ತಾನೆ. ಇವರು ಮಹಾಭಾಗರು, ಇವರ ಬಾಳು ಪರರಿಗಾಗಿಯೇ ಮೀಸಲು, ಬೇಡಿ ಬಂದವನು ಇವರಲ್ಲಿಂದ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದು ಅಲ್ಲಿಯ ತಾತ್ಪರ್ಯ. ಎಲೆ, ಹೂ, ಹಣ್ಣು, ನೆರಳು, ಬೇರು, ತೊಗಟೆ, ಉರಿದ ಮೇಲಿನ ಬೂದಿಯವರೆಗೆ ಅವು ಕೊಡುವುದನ್ನೆಲ್ಲ ಸ್ವಾಮಿಯು ಎಣಿಸುತ್ತಾನೆ. ನಮ್ಮ ಹಣೆಯ ಅಂಗಾರವೂ ಉರಿದ ಕಟ್ಟಿಗೆಯ ಕೆಂಡದಿಂದಲೇ ಬಂದುದಲ್ಲವೆ? ಆ ಮರಗಳು ಯಾವ ಜಾತಿಯವೆಂದು ಸ್ವಾಮಿಯು ಅಲ್ಲಿ ಹೆಸರಿಸುವುದಿಲ್ಲ. ಇದನ್ನು ಎಷ್ಟೋ ಬಾರಿ ಪಾರಾಯಣ ಮಾಡಿಯೂ ನಾವು ಗಮನಿಸಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ನಮ್ಮದು ತಾರತಮ್ಯವನ್ನು ಒಪ್ಪಿದ ಸಿದ್ಧಾಂತ. ತುಲಸಿಗೂ ಮೋರಿಯ ಬದಿಯ ಗಿಡಕ್ಕೂ ಸಮಾನತೆಯೆಲ್ಲಿ? ಸಮಾನತೆಯನ್ನು ನಾವೂ ಹೇಳುತ್ತಿಲ್ಲ. ಆದರೆ ತಾರತಮ್ಯವೆಂಬುದು ತಿರಸ್ಕಾರಕ್ಕೆ ಕೊಟ್ಟ ಅಪ್ಪಣೆಯಲ್ಲ. ಬ್ರಹ್ಮಾದಿ ತೃಣಪರ್ಯಂತ ಜೀವರೆಲ್ಲರೂ ಶ್ರೀಹರಿಯ ಅಧೀನರು. ಪ್ರತಿಯೊಬ್ಬರಲ್ಲಿಯೂ ಬಿಂಬರೂಪಿಯಾಗಿ ಅವನೇ ನಿಂತಿದ್ದಾನೆ. ಅವರವರ ಯೋಗ್ಯತೆಗೆ ತಕ್ಕ ಸೇವೆಯನ್ನು ಅವನೇ ಮಾಡಿಸಿಕೊಳ್ಳುತ್ತಾನೆ. ನವಗ್ರಹಹೋಮದ ಸಮಿತ್ತುಗಳನ್ನೇ ನೋಡಿರಿ. ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ ಎಂದು ಮಹಾವೃಕ್ಷಗಳನ್ನು ಹೇಳಿದ ಶಾಸ್ತ್ರವೇ ಸೂರ್ಯನಿಗೆ ಎಕ್ಕವನ್ನೂ, ಬುಧನಿಗೆ ಉತ್ತರಾಣಿಯನ್ನೂ, ರಾಹುವಿಗೆ ಗರಿಕೆಯನ್ನೂ ವಿಧಿಸಿದೆ. ದಾರಿಯಲ್ಲಿ ಪಂಚೆಗೆ ಅಂಟಿದ ಉತ್ತರಾಣಿಯ ಬೀಜವನ್ನು ಬೈದುಕೊಂಡು ಕೊಡವಿ, ಅದರ ಕಡ್ಡಿಯನ್ನು ಗ್ರಂಧಿಗೆ ಅಂಗಡಿಯಲ್ಲಿ ಹಣ ಕೊಟ್ಟು ತರುವವರು ನಾವು!

ನಮ್ಮ ಬಡಾವಣೆಯ ಹೆಸರಿನಲ್ಲಿರುವ ಶ್ರೀಗಂಧದ ಸಂಗತಿ ಇನ್ನೂ ವಿಚಾರಣೀಯವಾದುದು. 1792ರಲ್ಲಿ ಟಿಪ್ಪೂ ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ತನ್ನ ನೆಲದಲ್ಲಿ ಬೆಳೆದ ಗಂಧದ ಮರಕ್ಕೆ ರೈತನೇ ಒಡೆಯನೆಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದುದು 2001ರಲ್ಲಿ. ಇಷ್ಟು ಗೌರವ ಪಡೆದ ಈ ಮರವು ಒಂಟಿಯಾಗಿ ಚೆನ್ನಾಗಿ ಬೆಳೆಯಲಾರದು. ಅದರ ಬೇರು ನೆಲದೊಳಗೆ ನೆರೆಯ ಗಿಡಗಳ ಬೇರನ್ನು ಹಿಡಿದು, ಅಲ್ಲಿಂದ ನೀರನ್ನೂ ಸಾರವನ್ನೂ ಹೀರಿಕೊಳ್ಳುತ್ತದೆ. ಸಸಿಮಡಿಯಲ್ಲಿ ಅದರ ಜೊತೆಗೆ ತೊಗರಿಯನ್ನೋ ಹೊನಗೊನ್ನೆಯನ್ನೋ ಬೆಳೆಸುವುದುಂಟು. ತೋಟದಲ್ಲಿ ಹೊಂಗೆಯಂಥ ಮರ ಅದಕ್ಕೆ ಆಸರೆ. ದೇವರಿಗೆ ಸಾಣೆಯ ಮೇಲೆ ತೇಯುವ ಗಂಧದ ಕೊರಡಿನಲ್ಲಿ, ಹೆಸರಿಲ್ಲದ ಎಷ್ಟೋ ಗಿಡಗಳ ಅನ್ನ ಸೇರಿರುತ್ತದೆ.

ಹೊಂಗೆಯ ಮಾತು ಬಂದುದರಿಂದ ಹೇಳುತ್ತೇವೆ. ಅದರ ಹೂ ಉದುರಿ ಬಾಗಿಲು ಕಸವಾಗುತ್ತದೆ, ಕಾರು ನಿಲ್ಲಿಸಲು ಅಡ್ಡವಾಗುತ್ತದೆ ಎಂದು ಕಡಿಸಲು ಯೋಚಿಸುತ್ತಿರುವ ಮನೆಗಳು ನಮ್ಮ ಬೀದಿಯಲ್ಲಿಯೇ ಇವೆ. ವಿದ್ಯುತ್ತು ಬರುವ ಮೊದಲು ಹಳ್ಳಿಯ ಮನೆಗಳಲ್ಲಿ ಉರಿದುದು ಹೊಂಗೆಣ್ಣೆಯ ದೀಪ. ಗದ್ದೆಗೆ ಗೊಬ್ಬರವಾಗಿ ತುಳಿದುದು ಹೊಂಗೆಯ ಸೊಪ್ಪು. ಯುಗಾದಿಯ ಬಿಸಿಲು ಏರುವ ಹೊತ್ತಿಗೆ ಅದು ಹೊಸ ಚಿಗುರಿನಿಂದ ತುಂಬಿ ನೆರಳು ಸಿದ್ಧಪಡಿಸಿರುತ್ತದೆ. ಉದುರಿದ ಹೂವನ್ನು ಗುಡಿಸಿ ತುಲಸೀಕಟ್ಟೆಯ ಬುಡಕ್ಕೆ ಹಾಕಿದರೆ ಕಸವೆಲ್ಲಿಯದು? ದ್ವಾದಶಿಯ ಪಾರಣೆಗೆ ಬೇಕಾದ ಅಗಸೆಯ ಮರವೂ ಹೀಗೆಯೇ ಹಿತ್ತಿಲುಗಳಿಂದ ಮಾಯವಾಗುತ್ತಿದೆ.

ಹಾಗೆಂದು ಬೆಳೆದುದನ್ನೆಲ್ಲ ಬಿಡಬೇಕೆಂದಲ್ಲ. 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಹಬ್ಬತೊಡಗಿದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಮೈಗೆ ತುರಿಕೆ ತರುವಂಥದು. ಅದನ್ನು ಹೂ ಬಿಡುವ ಮೊದಲೇ ಕೀಳಬೇಕು. ಕೀಳುವ ಮುನ್ನ ಗಿಡದ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ಮಕ್ಕಳನ್ನೂ ಜೊತೆಗೆ ಕರೆಯಿರಿ.

ಆಳು ಕಿತ್ತ ಎಕ್ಕದ ಬೇರು ನೆಲದಲ್ಲಿ ಉಳಿದಿತ್ತೆಂದು ಕಾಣುತ್ತದೆ. ಮಳೆಗಾಲದಲ್ಲಿ ಮತ್ತೆ ಚಿಗುರಿ ಈಗ ಮೊಳಕಾಲಿನೆತ್ತರ ಬಂದಿದೆ. ಈ ವರ್ಷ ಮೊದಲ ಏಳು ಎಲೆಗಳು ಆ ವೃದ್ಧೆಯ ಮನೆಗೆ. ಉಳಿದುದರಲ್ಲಿ ಬೇಕಾದವರು ಷಷ್ಠಿಯ ಸಂಜೆ, ಕತ್ತಲಾಗುವ ಮೊದಲು ಬರಬಹುದು. ತಲೆಗೆ ಏಳರಂತೆ ಮಾತ್ರ ಕೊಯ್ಯಬೇಕು, ಕುಡಿ ಮುರಿಯಬಾರದು. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿಯಾದುದರಿಂದ ಕೊಯ್ದ ಕೈಯನ್ನು ಕೂಡಲೇ ತೊಳೆದುಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಹಿರಿಯರೇ ಕೊಯ್ದುಕೊಡತಕ್ಕದ್ದು.

॥ ಶ್ರೀಕೃಷ್ಣಾರ್ಪಣಮಸ್ತು ॥