ಬಯಸಿ ತಂದುಕೊಂಡ ಚಳಿ

ಚಳಿಗಾಲದಲ್ಲಿ ಬೈಕ್ ಏರಿದವರನ್ನು ಮೊದಲು ಕಾಡುವುದು ಗಾಳಿ. ಉಷ್ಣಾಂಶ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು, ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ, ಬಯಲಿಗೆ ಬಿದ್ದ ಚರ್ಮಕ್ಕೆ ಅದು ಮೈನಸ್ 24ರಷ್ಟು ಚಳಿ. ಬೆರಳ ತುದಿ ಮೊದಲು ಉರಿಯುತ್ತದೆ, ಆಮೇಲೆ ಮರಗಟ್ಟುತ್ತದೆ. ಉರಿ ನಿಂತಿತಲ್ಲ ಎಂದು ಹಾಯೆನಿಸುವ ಹೊತ್ತೇ ಅಪಾಯದ ಹೊತ್ತು. ಕ್ಲಚ್ ಹಿಡಿದಿದ್ದೇವೋ ಬಿಟ್ಟಿದ್ದೇವೋ ಕೈಗೇ ತಿಳಿಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ಪ್ರತಿವರ್ಷ ಜನವರಿ ಕೊನೆಗೋ ಫೆಬ್ರವರಿ ಮೊದಲಿಗೋ ಯುರೋಪಿನ ನಾನಾ ದೇಶಗಳಿಂದ ಸಾವಿರಾರು ಜನ ಬೈಕ್ ಹತ್ತಿ, ಜರ್ಮನಿಯ ಬವೇರಿಯಾ ಕಾಡಿನಲ್ಲಿ ಥುರ್ಮಾನ್ಸ್‌ಬಾಂಗ್ ಊರಿನ ಹತ್ತಿರದ ಒಂದು ಕಣಿವೆಗೆ ಬಂದಿಳಿಯುತ್ತಾರೆ. ಪಂದ್ಯವಿಲ್ಲ, ಗೆಲ್ಲುವವರಿಲ್ಲ. ಹಿಮದ ಮೇಲೆ ಒಣಹುಲ್ಲು ಹಾಸಿ, ಅದರ ಮೇಲೆ ಡೇರೆ ಕಟ್ಟಿ, ಸೌದೆ ಒಟ್ಟಿ ಬೆಂಕಿ ಕಾಯಿಸಿಕೊಂಡು ರಾತ್ರಿ ಕಳೆಯುತ್ತಾರೆ. ಅದರ ಹೆಸರು ಎಲೆಫಾಂಟೆನ್‌ಟ್ರೆಫೆನ್, ಆನೆಗಳ ಕೂಟ.

ಈ ಆನೆ ಒಂದು ಬೈಕ್. ಟ್ಸುಂಡಾಪ್ ಕಂಪನಿಯ ಕೆಎಸ್ 601, ಸುಮಾರು 600 ಸಿಸಿಯ ಅವಳಿ ಸಿಲಿಂಡರಿನ ಗಾಡಿ, ಸೈಡ್‌ಕಾರ್ ಎಳೆಯಲು ಹೇಳಿ ಮಾಡಿಸಿದಂಥದ್ದು. ಜನ ಅದನ್ನು ‘ಹಸಿರಾನೆ’ ಎಂದು ಕರೆದರು. ‘ಕ್ಲಾಕ್ಸ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪತ್ರಕರ್ತ ಎರ್ನ್ಸ್ಟ್ ಲೆವರ್ಕುಸ್, ಆ ಗಾಡಿಯವರೆಲ್ಲ ಚಳಿಗಾಲದಲ್ಲೇ ಒಮ್ಮೆ ಸೇರೋಣ ಎಂದು ಕರೆಕೊಟ್ಟು, 1956ರಲ್ಲಿ ಸ್ಟುಟ್‌ಗಾರ್ಟ್ ಬಳಿ ಮೊದಲ ಕೂಟ ನಡೆಸಿದ. ಆಗ ಯುದ್ಧ ಮುಗಿದು ಹನ್ನೊಂದನೇ ವರ್ಷ. ಕಾರು ಕೊಳ್ಳಲಾಗದವರ ವಾಹನ ಬೈಕ್. ಹೆಂಡತಿ ಮಕ್ಕಳನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಹಿಮವಿರಲಿ ಮಳೆಯಿರಲಿ ಹೊರಡಲೇಬೇಕಾದ ಕಾಲ. ದಾರಿಯಲ್ಲಿ ಒಬ್ಬನ ಗಾಡಿ ಕೆಟ್ಟರೆ ಇನ್ನೊಬ್ಬ ನಿಲ್ಲಿಸುತ್ತಿದ್ದ, ಏಕೆಂದರೆ ನಾಳೆ ಕೆಡುವುದು ತನ್ನದೇ ಇರಬಹುದು. ಬೇಗನೆ ದೇಶಕ್ಕೆ ದುಡ್ಡು ಬಂತು, ಸಣ್ಣ ಕಾರುಗಳು ಬಂದವು, ಬೈಕ್ ಮಾರಾಟ ಕುಸಿಯಿತು, ಹಸಿರಾನೆಯ ತಯಾರಿಕೆ 1958ರ ಹೊತ್ತಿಗೆ ನಿಂತೇಹೋಯಿತು. ಆದರೆ ಕೂಟ ಬೆಳೆಯಿತು. ಮುಂದೆ ನ್ಯೂರ್‌ಬುರ್ಗ್‌ರಿಂಗ್ ರೇಸ್ ಮೈದಾನದಲ್ಲಿ ವರ್ಷಗಟ್ಟಲೆ ನಡೆದು, 1989ರಿಂದ ಈ ಕಣಿವೆಯಲ್ಲಿ ನೆಲೆನಿಂತಿದೆ. ಬಡತನ ಹೋದರೂ ಬಡತನ ಕಲಿಸಿದ ನಡವಳಿಕೆಯನ್ನು ಬಿಟ್ಟುಕೊಡದೆ, ವರ್ಷಕ್ಕೊಮ್ಮೆಯಾದರೂ ಅದನ್ನು ಮೈಯಾರೆ ಬದುಕಿ ನೋಡುವ ಈ ಹಟ ನನಗೆ ದೊಡ್ಡದಾಗಿ ಕಾಣುತ್ತದೆ.

ಮ್ಯೂನಿಕ್‌ನಿಂದ ಸಹೋದ್ಯೋಗಿಯೊಬ್ಬರ ಜೊತೆ ನಾನೂ ಅಲ್ಲಿಗೆ ಹೋದೆ, ಬೇರೆ ಬೇರೆ ಗಾಡಿಗಳಲ್ಲಿ. ಕಣಿವೆಗೆ ಇಳಿಯುವ ದಾರಿ ಮಂಜುಗಡ್ಡೆ ಕಟ್ಟಿ ಹೊಳೆಯುತ್ತಿತ್ತು. ಇಳಿಜಾರಿನುದ್ದಕ್ಕೂ ಗಂಬೂಟು ತೊಟ್ಟ ಜನ ನಿಂತು, ಬಂದ ಪ್ರತಿ ಬೈಕಿನ ಹಿಂದಿನ ಕ್ಯಾರಿಯರ್ ಹಿಡಿದು, ಜಾರದಂತೆ ಕೆಳಗೆ ಬಿಡುತ್ತಿದ್ದರು. ಯಾರೂ ಅವರನ್ನು ಅಲ್ಲಿ ನಿಲ್ಲಿಸಿರಲಿಲ್ಲ. ಬೆಳಿಗ್ಗೆ ಯಾರೋ ಅವರನ್ನು ಹೀಗೇ ಇಳಿಸಿದ್ದರು, ಅಷ್ಟೆ. ಕೆಳಗೆ ಬಂದು ಹೆಲ್ಮೆಟ್ಟಿನ ಬಕಲ್ ಬಿಚ್ಚಲು ನೋಡಿದರೆ ಬೆರಳು ಮಾತು ಕೇಳಲಿಲ್ಲ. ಪಕ್ಕದ ಡೇರೆಯ ಹೆಂಗಸೊಬ್ಬರು, ಅರವತ್ತು ದಾಟಿದವರು, ಎದ್ದು ಬಂದು ನನ್ನ ಗ್ಲೌಸ್ ಎಳೆದು ತೆಗೆದು ಉಗುರುಗಳ ಬಣ್ಣ ನೋಡಿದರು. ಬೆಂಕಿಯ ಕಡೆ ಹೊರಟ ನನ್ನನ್ನು ತಡೆದು, ತಮ್ಮ ಜಾಕೆಟ್ಟಿನ ಜಿಪ್ ಇಳಿಸಿ, ನನ್ನೆರಡೂ ಕೈಗಳನ್ನು ತಮ್ಮ ಕಂಕುಳಲ್ಲಿ ಒತ್ತಿ ಹಿಡಿದರು. ಮರಗಟ್ಟಿದ ಚರ್ಮಕ್ಕೆ ಸುಡುವುದು ತಿಳಿಯದು, ಅದಕ್ಕೇ ನೇರ ಬೆಂಕಿಗೆ ಒಡ್ಡಬಾರದಂತೆ. ಅವರ ಜರ್ಮನ್ ಮಾತಿನಲ್ಲಿ ನನಗೆ ಅರ್ಥವಾದದ್ದು ಅರ್ಧ. ಬೆರಳಿಗೆ ಜೀವ ಬರುವಾಗಿನ ನೋವಿಗೆ ನಾನು ಹಲ್ಲು ಕಚ್ಚಿದಷ್ಟೂ ಅವರ ಹಿಡಿತ ಬಿಗಿಯಾಗುತ್ತಿತ್ತು. ರಾತ್ರಿ ಅವರು ತಮ್ಮ ಗಾಡಿಯ ಬ್ಯಾಟರಿಯನ್ನು ಬಿಚ್ಚಿ ಮಲಗುವ ಚೀಲದೊಳಗೆ ಇಟ್ಟುಕೊಂಡದ್ದನ್ನು ಕಂಡೆ. ಚಳಿಗೆ ಬ್ಯಾಟರಿಯ ಕಸುವು ಇಳಿಯುತ್ತದೆ. ಅದನ್ನೂ ಮೈಯ ಕಾವಿನಲ್ಲೇ ಕಾಪಾಡಬೇಕು.

ಶನಿವಾರ ಸಂಜೆ ದೀವಟಿಗೆ ಹಿಡಿದು ಮೆರವಣಿಗೆ ಹೋಗಿ, ರಸ್ತೆಯಲ್ಲಿ ತೀರಿಕೊಂಡ ಸವಾರರನ್ನು ನೆನೆಯುವುದು ಅಲ್ಲಿನ ವಾಡಿಕೆ. ಸತ್ತವರು ಖುಷಿಗೆ ಹೊರಟಿದ್ದರೋ, ಕೂಲಿಗೆ ಹೊರಟಿದ್ದರೋ ಎಂದು ದೀವಟಿಗೆ ಹಿಡಿದವರು ಕೇಳುವುದಿಲ್ಲ.

ಊರಿನಲ್ಲಿ ಕುಳಿತ ನಾವು ಮಾತ್ರ ಈ ಭೇದ ಮಾಡುತ್ತೇವೆ. ಮ್ಯೂನಿಕ್‌ನಲ್ಲಿ ಓದಲು ಬಂದ ನಮ್ಮ ದೇಶದ ಹುಡುಗರಲ್ಲಿ ಹಲವರು ಬಾಡಿಗೆ ಕಟ್ಟಲು ಸೈಕಲ್ ತುಳಿದು ಮನೆಮನೆಗೆ ಊಟ ತಲುಪಿಸುತ್ತಾರೆ. ಅದೇ ಜನವರಿ, ಅದೇ ಗಾಳಿ. ಅಂಥವನೊಬ್ಬ, ಹಾಸನದ ಕಡೆಯವನು, ನಮ್ಮ ಬಾಗಿಲಲ್ಲಿ ನಿಂತು ಹೆಸರು ಓದಿ ಕನ್ನಡದಲ್ಲೇ ಕೇಳಿದ: “ಅಣ್ಣಾ, ಚಳಿಗೆ ಫೋನ್ ಆಫ್ ಆಗೋಗಿದೆ. ಒಂದೈದು ನಿಮಿಷ ಚಾರ್ಜಿಗೆ ಹಾಕ್ಕೊಳ್ಳಲಾ?” ಒಳಗೆ ಕರೆದೆ. ಫೋನ್‌ಗಿಂತ ಮೊದಲು ನಾನು ನೋಡಿದ್ದು ಅವನ ಉಗುರುಗಳನ್ನು. ನೋಡಲು ಕಲಿಸಿದವರು ಕಣಿವೆಯ ಆ ಹೆಂಗಸು. ಕಾಫಿ ಅರ್ಧ ಲೋಟವೂ ಖಾಲಿಯಾಗಿರಲಿಲ್ಲ, ಫೋನ್ ಜೀವ ಹಿಡಿದು ಮುಂದಿನ ಆರ್ಡರ್ ಕೂಗಿತು, ಹುಡುಗ ಎದ್ದ.

ನನ್ನ ಬೈಕ್ ಪ್ರಯಾಣವನ್ನು ಕಚೇರಿಯಲ್ಲಿ ಎಲ್ಲರೂ ಸಾಹಸ ಎಂದರು, ಫೋಟೋ ಕೇಳಿ ನೋಡಿದರು. ಅವನ ಚಳಿಗೆ ಸಿಗುವುದು ಹೆಚ್ಚೆಂದರೆ ‘ಅಯ್ಯೋ ಪಾಪ’. ಬೇಡವೆಂದರೆ ಬಿಟ್ಟುಬರಬಹುದಾದ ಕಷ್ಟಕ್ಕೆ ಗೌರವ, ಬಿಡಲಾಗದ ಕಷ್ಟಕ್ಕೆ ಕನಿಕರ: ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ. 1956ರ ಆ ಮೊದಲ ಕೂಟಕ್ಕೆ ಬಂದವರ ಕಾಲದಲ್ಲಿ ಈ ಎರಡು ಕಷ್ಟಗಳ ನಡುವೆ ಇಷ್ಟು ದೊಡ್ಡ ಗೋಡೆ ಇರಲಿಲ್ಲ. ಸೋಮವಾರ ಹೊಟ್ಟೆಪಾಡಿಗೆ ಹಿಮದಲ್ಲಿ ಹೋಗುತ್ತಿದ್ದವನೇ ಶನಿವಾರ ಪ್ರೀತಿಗೆ ಹಿಮದಲ್ಲಿ ಹೋಗಬಹುದಾಗಿತ್ತು. ಹೀಗೆಂದು ಕೂಟವನ್ನು ಉಳ್ಳವರ ಆಟವೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಒಮ್ಮೆ ಮರಗಟ್ಟಿದ ಕೈಗೆ ಇನ್ನೊಬ್ಬರ ಕೈ ಬೇಗ ಕಾಣುತ್ತದೆ.

ನಮ್ಮ ಕಟ್ಟಡದ ಮುಂಬಾಗಿಲ ಒಳಗೆ ಒಂದು ಹೀಟರ್ ಇದೆ. ಅದರ ಪಕ್ಕ ಒಂದು ಬೆಂಚು, ಒಂದು ಪ್ಲಗ್ ಹಾಕಿಸಿ, ಊಟ ತರುವವರು ಕೂತು ಹೋಗಲಿ ಎಂದು ನಿವಾಸಿಗಳ ಸಭೆಯಲ್ಲಿ ಕೇಳಿದ್ದೇನೆ. ಹೊರಗಿನವರು ಒಳಗೆ ಕೂರುವುದು ಬೇಡವೆಂದು ಕೆಲವರ ತಕರಾರು. ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಅಲ್ಲಿಯವರೆಗೆ ಊಟ ತಂದವರಿಗೆ ನಮ್ಮ ಮನೆಯ ಪ್ಲಗ್ ಇದೆ.